ಅರವತ್ತು ಗುಂಟೆ ಹುಲ್ಲಿಗೆ ಒಂದು ಗೊಬ್ಬರದ ಗಾಡಿ: ಹುಬ್ಬಳ್ಳಿ–ಧಾರವಾಡ ನಡುವಿನ ಬಡಾವಣೆಯೊಂದರ ಪ್ರಕರಣ ಅಧ್ಯಯನ

ಪಟ್ಟೆ ಬಿದ್ದ ಮೈದಾನ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ, ಉಣಕಲ್ ಕೆರೆಯ ಮೇಲುಭಾಗದಲ್ಲಿರುವ ನಮ್ಮ ಬಡಾವಣೆಯಲ್ಲಿ ಒಟ್ಟು ಅರವತ್ತು ಗುಂಟೆಯಷ್ಟು ಹುಲ್ಲುಹಾಸು ಇದೆ. ಇದರಲ್ಲಿ 36 ಗುಂಟೆ ಮಕ್ಕಳು ಕ್ರಿಕೆಟ್ ಆಡುವ ಮೈದಾನ, 16 ಗುಂಟೆ ಮರಗಳ ನಡುವಿನ ಉದ್ಯಾನ, ಉಳಿದ 8 ಗುಂಟೆ ಕಾಂಕ್ರೀಟ್ ಕಾಲುದಾರಿಯ ಎರಡೂ ಬದಿಗೆ ಉದ್ದಕ್ಕೆ ಸಾಗಿರುವ, ಒಂದು ಮೀಟರ್ ಅಗಲದ ಪಟ್ಟಿ. ಹುಲ್ಲು ಬಹುಪಾಲು ಗರಿಕೆಯ ಜಾತಿಯದು. ನಮ್ಮ ಕಡೆ ಅದನ್ನು ಕರಿಕಿ ಎನ್ನುತ್ತಾರೆ. ಮೈದಾನದ ಪಶ್ಚಿಮದ ಅರ್ಧ ಮಸಾರಿ, ಅಂದರೆ ಕೆಂಪು ಮಣ್ಣು, ಪೂರ್ವದ ಅರ್ಧ ಎರೆ, ಅಂದರೆ ಅಂಟುವ ಕಪ್ಪು ಮಣ್ಣು, ಮತ್ತು ಆ ಎರೆಯ ಭಾಗ ಚರಂಡಿಯ ಕಡೆಗೆ ಇಳಿಜಾರಾಗಿದೆ. ಈ ವಿವರಗಳನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಮುಂದೆ ಗೊಬ್ಬರ ಎರಚುವ ಯಂತ್ರವನ್ನು ಆರಿಸುವಾಗ ಅಂಗಡಿಯ ಮಾಹಿತಿಪತ್ರಕ್ಕಿಂತ ಇವುಗಳೇ ಹೆಚ್ಚು ನೆರವಾದವು.

ಕಳೆದ ವರ್ಷದ ಶ್ರಾವಣದಲ್ಲಿ, ನವಲಗುಂದದ ಕಡೆ ಹೊಲವಿರುವ ನಿವಾಸಿಯೊಬ್ಬರು ತಮ್ಮಲ್ಲಿ ಉಳಿದಿದ್ದ ಎರಡು ಚೀಲ ಯೂರಿಯಾವನ್ನು ಬಡಾವಣೆಗೆ ಕೊಟ್ಟರು. ನಮ್ಮ ಹುಲ್ಲುಹಾಸನ್ನು ನೋಡಿಕೊಳ್ಳುವವರು ಗಂಡ ಹೆಂಡತಿ ಇಬ್ಬರು. ಗಂಡನಿಗೆ ಪಂಪು, ಪೈಪು, ಹುಲ್ಲು ಕತ್ತರಿಸುವ ಯಂತ್ರದ ಕೆಲಸವಾದರೆ, ಗೊಬ್ಬರ, ಕಳೆ, ನೀರುಣಿಸುವಿಕೆ ಎಲ್ಲವೂ ಹೆಂಡತಿಯ ಪಾಲಿಗೆ. ಆಕೆ ಬುಟ್ಟಿ ಸೊಂಟಕ್ಕಿಟ್ಟು, ಹೊಲದಲ್ಲಿ ಮಾಡಿದಂತೆಯೇ, ಹೆಜ್ಜೆಗೊಂದು ಹಿಡಿಯಂತೆ ಇಡೀ ಹುಲ್ಲುಹಾಸಿಗೆ ಯೂರಿಯಾ ಉಗ್ಗಿದರು. ಹತ್ತು ದಿನದ ನಂತರ ಮೈದಾನದಲ್ಲಿ ಕಂಡದ್ದು ಹಸಿರಿನ ಪಟ್ಟೆಗಳು. ಒಂದು ಪಟ್ಟೆ ಕಡುಹಸಿರು, ಪಕ್ಕದ್ದು ತಿಳಿಹಳದಿ, ಅಲ್ಲಲ್ಲಿ ಅಂಗೈಯಗಲದ ಕಂದು ಸುಟ್ಟ ಗಾಯಗಳು. ಆ ವಾರದ ಸಭೆಯಲ್ಲಿ ಎಲ್ಲರೂ ಆಕೆಯ ಕಡೆ ನೋಡಿದರು. ಆಕೆ ತಲೆ ತಗ್ಗಿಸದೆ, “ಕೈಲೆ ಉಗ್ಗೂದು ನಮಗೇನ್ ಹೊಸಾದ್ರಿ ಸರ? ಹೊಲದಾಗ ಇಪ್ಪತ್ತ ವರ್ಷ ಉಗ್ಗೇನಿ, ಯಾರೂ ಒಂದ್ ಮಾತ ಅಂದಿಲ್ಲ” ಎಂದರು.

ಆಕೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಗೋವಿನಜೋಳದ ಹೊಲದಲ್ಲಿ ಒಂದು ಗಿಡಕ್ಕೆ ತುಸು ಹೆಚ್ಚು, ಇನ್ನೊಂದಕ್ಕೆ ತುಸು ಕಡಿಮೆ ಬಿದ್ದರೆ ಬೆಳೆದ ಎಲೆಗಳು ಅದನ್ನು ಮುಚ್ಚಿಹಾಕುತ್ತವೆ. ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲಿನಲ್ಲಿ ಮಾತ್ರ ಪ್ರತಿಯೊಂದು ಹಿಡಿಯೂ ಎಲ್ಲಿ ಬಿದ್ದಿತೆಂಬುದು ಬರೆದಿಟ್ಟಂತೆ ಕಾಣುತ್ತದೆ. ಕೆಲಸಗಾರರ ಕೈಯಲ್ಲಿ ದೋಷ ಹುಡುಕುವುದನ್ನು ಬಿಟ್ಟು ಸಾಧನವನ್ನು ಹುಡುಕಬೇಕೆಂದು ಸಮಿತಿ ತೀರ್ಮಾನಿಸಿದ್ದು ಅಂದೇ. ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ನನ್ನ ಹೆಗಲಿಗೆ ಆ ಹುಡುಕಾಟ ಬಂತು.

ಎಷ್ಟು ಬೇಕು, ಯಾವ ಗೊಬ್ಬರ

ಯಂತ್ರದ ಮಾತಿಗೆ ಮುನ್ನ ಗೊಬ್ಬರದ ಲೆಕ್ಕ ಮುಗಿಯಬೇಕು, ಏಕೆಂದರೆ ಯಂತ್ರದ ಅಳತೆಯನ್ನು ನಿರ್ಧರಿಸುವುದು ಆ ಲೆಕ್ಕವೇ. ಗರಿಕೆ ಜಾತಿಯ ಹುಲ್ಲಿಗೆ ಒಂದು ಸಲಕ್ಕೆ ಚದರ ಮೀಟರಿಗೆ 5 ಗ್ರಾಂ ಸಾರಜನಕವನ್ನು ಮೀರಿ ಕೊಡಬಾರದೆಂಬುದು ಹುಲ್ಲುಹಾಸು ಬೆಳೆಸುವವರಲ್ಲಿ ರೂಢಿಯಲ್ಲಿರುವ ಮಿತಿ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಆದ್ದರಿಂದ ಗುಂಟೆಗೆ ಅರ್ಧ ಕಿಲೋ, ಅರವತ್ತು ಗುಂಟೆಗೆ ಮೂವತ್ತು ಕಿಲೋ ಸಾರಜನಕ. ಯೂರಿಯಾದಲ್ಲಿ 46 ಪ್ರತಿಶತ ಸಾರಜನಕವಿರುವುದರಿಂದ 66 ಕಿಲೋ ಸಾಕಾಗುತ್ತಿತ್ತು. 45 ಕಿಲೋದ ಎರಡು ಚೀಲಗಳನ್ನು ಪೂರ್ತಿ ಉಗ್ಗಿದ್ದರಿಂದ 90 ಕಿಲೋ ಹೋಗಿತ್ತು. ಹೀಗೆ ಬೇಕಾದುದಕ್ಕಿಂತ ಮೂರನೆಯ ಒಂದು ಪಾಲಿಗೂ ಮಿಕ್ಕಿ ಹೆಚ್ಚು ಹಾಕಿದ್ದು ತಪ್ಪೇ ಆದರೂ, ಸುಟ್ಟ ಕಲೆಗಳಿಗೆ ಅದೊಂದೇ ಕಾರಣವಾಗಲಾರದು. ಹಿಡಿ ದಟ್ಟವಾಗಿ ಬಿದ್ದ ಜಾಗದಲ್ಲಿ ಸರಾಸರಿಯ ಹಲವು ಪಟ್ಟು ಲವಣ ಒಂದೇ ಕಡೆ ಕರಗಿ, ಬೇರಿನಿಂದ ನೀರನ್ನು ಹೊರಕ್ಕೆಳೆದದ್ದೇ ಸುಡುವಿಕೆಯ ಮೂಲ.

ಈ ವರ್ಷ ಯೂರಿಯಾ ಬೇಡವೆಂದು ನಾನು ಪಟ್ಟು ಹಿಡಿದೆ. ಸಬ್ಸಿಡಿಯ ಚೀಲ ಇರುವುದು ಬೆಳೆಗೆ. ಮುಂಗಾರಿನಲ್ಲಿ ಗೊಬ್ಬರದ ಅಂಗಡಿಯ ಮುಂದೆ ಸಾಲು ನಿಲ್ಲುವ ಜಿಲ್ಲೆಗಳು ನಮ್ಮವು. 2008ರ ಜೂನ್‌ನಲ್ಲಿ ಪಕ್ಕದ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆದದ್ದನ್ನು ನೆನಪಿಟ್ಟವರು ಆ ಚೀಲವನ್ನು ಕ್ರಿಕೆಟ್ ಮೈದಾನಕ್ಕೆ ಸುರಿಯಲು ಹಿಂಜರಿಯಬೇಕು. ಸಮಿತಿಯಲ್ಲಿ ಇದಕ್ಕೆ ಎದುರು ಮಾತು ಬರಲಿಲ್ಲ. ಹುಲ್ಲುಹಾಸಿಗೆಂದೇ ಮಾರುವ, ಸಬ್ಸಿಡಿಯಿಲ್ಲದ, 20 ಪ್ರತಿಶತ ಸಾರಜನಕದ ಹರಳು ಗೊಬ್ಬರವನ್ನು ತರಿಸಿದೆವು. ಇದರ ಲೆಕ್ಕ ಸುಲಭ: ಚದರ ಮೀಟರಿಗೆ 25 ಗ್ರಾಂ, ಗುಂಟೆಗೆ ಎರಡೂವರೆ ಕಿಲೋ, ಅರವತ್ತು ಗುಂಟೆಗೆ 25 ಕಿಲೋದ ಆರು ಚೀಲ.

ಗೊಬ್ಬರ ಬದಲಾದುದರಿಂದ ಯಂತ್ರದ ಪ್ರಶ್ನೆಯೂ ಬದಲಾಯಿತು. ಯೂರಿಯಾದ ಕಾಳು ಸಣ್ಣದು, ಹಗುರ. ತಟ್ಟೆಯಿಂದ ಚಿಮ್ಮಿದರೂ ದೂರ ಹೋಗದು, ಗಾಳಿಗೆ ಬೇಗ ಸಿಕ್ಕುತ್ತದೆ. ಹೊಸ ಗೊಬ್ಬರದ ಹರಳು ದಪ್ಪ, ಭಾರ. ಅದೇ ಯಂತ್ರದಲ್ಲಿ ಅದೇ ವೇಗಕ್ಕೆ ಇನ್ನಷ್ಟು ದೂರ ಹಾರುತ್ತದೆ. ಆದ್ದರಿಂದ “ಈ ಗಾಡಿ ಎಷ್ಟು ಅಗಲಕ್ಕೆ ಎರಚುತ್ತದೆ?” ಎಂಬ ಪ್ರಶ್ನೆಗೆ, ಯಾವ ಗೊಬ್ಬರವೆಂದು ಹೇಳದ ಹೊರತು ಉತ್ತರವೇ ಇಲ್ಲ. ಅಂಗಡಿಯವರು ಮಾತ್ರ ಕೇಳಿದೊಡನೆ ಉತ್ತರಿಸುತ್ತಾರೆ.

ಕೂರಿಗೆಯ ಬಗೆ, ಚಿಮ್ಮುವ ಬಗೆ

ಹುಲ್ಲಿಗೆ ಗೊಬ್ಬರ ಹಾಕುವ ತಳ್ಳುಗಾಡಿಗಳಲ್ಲಿ ಎರಡು ಬಗೆ. ಒಂದರಲ್ಲಿ ಪೆಟ್ಟಿಗೆಯ ತಳದುದ್ದಕ್ಕೂ ಇರುವ ತೂತುಗಳಿಂದ ಗೊಬ್ಬರ ನೇರವಾಗಿ ಕೆಳಗೆ ಬೀಳುತ್ತದೆ. ಬೀಜ ಬಿತ್ತುವ ನಮ್ಮ ಕೂರಿಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಡಿ ಎಷ್ಟು ಅಗಲವೋ ಅಷ್ಟೇ ಅಗಲಕ್ಕೆ, ಅಂದರೆ ಅರ್ಧ ಮೀಟರಿಗೆ ತುಸು ಹೆಚ್ಚಾಗಿ, ಅಂಚು ಕೊರೆದಂತೆ ಬೀಳುತ್ತದೆ. ಅದರ ಗುಣವೇ ಅದರ ದೋಷ: ಎರಡು ಸಾಲುಗಳ ನಡುವೆ ನಾಲ್ಕು ಬೆರಳು ಬಿಟ್ಟರೆ ಹಳದಿ ಗೆರೆ, ನಾಲ್ಕು ಬೆರಳು ಒಂದರ ಮೇಲೊಂದು ಬಿದ್ದರೆ ಕಡುಹಸಿರು ಗೆರೆ. ಮೈದಾನದ 36 ಗುಂಟೆಯಲ್ಲಿ ಅರ್ಧ ಮೀಟರಿನ ಸಾಲು ಹಿಡಿದು ನಡೆದರೆ ಏಳು ಕಿಲೋಮೀಟರಿಗೂ ಹೆಚ್ಚು ನಡೆಯಬೇಕಾಗುತ್ತದೆ.

ಇನ್ನೊಂದು ಬಗೆಯಲ್ಲಿ ಗೊಬ್ಬರ ತುಂಬುವ ಪೆಟ್ಟಿಗೆಯಾದ ಹಾಪರ್‌ನ ಕೆಳಗೆ ಒಂದು ತಟ್ಟೆ ಇರುತ್ತದೆ. ಚಕ್ರ ಉರುಳಿದಾಗ ಆ್ಯಕ್ಸಲ್‌ನ ಗೇರ್ ಆ ತಟ್ಟೆಯನ್ನು ತಿರುಗಿಸುತ್ತದೆ, ಗೇಟಿನ ತೂತಿನಿಂದ ಉದುರಿದ ಹರಳುಗಳನ್ನು ತಟ್ಟೆ ಅರ್ಧವೃತ್ತಾಕಾರವಾಗಿ ಮುಂದಕ್ಕೂ ಇಕ್ಕೆಲಕ್ಕೂ ಚಿಮ್ಮುತ್ತದೆ. ನಡುವೆ ದಟ್ಟ, ಅಂಚಿಗೆ ಹೋದಂತೆ ವಿರಳ. ಪಕ್ಕದ ಸಾಲಿನ ವಿರಳ ಅಂಚು ಇದರ ವಿರಳ ಅಂಚಿನ ಮೇಲೆ ಬಿದ್ದು ಎರಡೂ ಸೇರಿ ಸಮವಾಗುತ್ತವೆ, ಹೀಗಾಗಿ ಸಾಲು ತುಸು ಓರೆಯಾದರೂ ಹುಲ್ಲಿನಲ್ಲಿ ಗೆರೆ ಮೂಡುವುದಿಲ್ಲ. ದೊಡ್ಡ, ಬಯಲಾದ ಜಾಗಕ್ಕೆ ಇದೇ ಸರಿ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಕಾಲುದಾರಿಯ ಬದಿಯ ಒಂದು ಮೀಟರಿನ ಪಟ್ಟಿಗೆ ಮಾತ್ರ ಇದು ಒಗ್ಗದು. ಮೂರು ಮೀಟರ್ ಚಿಮ್ಮುವ ಯಂತ್ರ ಅಲ್ಲಿ ಬಹಳಷ್ಟನ್ನು ಕಾಂಕ್ರೀಟಿನ ಮೇಲೆ ಹಾಕುತ್ತದೆ, ಅಲ್ಲಿಂದ ಅದು ಮೊದಲ ಮಳೆಗೆ ಚರಂಡಿಗೆ, ಚರಂಡಿಯಿಂದ ಕೆರೆಗೆ. ಕೆರೆಯಲ್ಲಿ ಅಂತರಗಂಗೆ ಬೆಳೆಯಲು ನಮ್ಮ ಕಾಣಿಕೆಯೂ ಬೇಕಾಗಿಲ್ಲ.

ಮೂರು ಗಾಡಿಗಳು

ಚಿಮ್ಮುವ ಬಗೆಯಲ್ಲಿ ಮೂರು ಗಾಡಿಗಳು ನಮ್ಮ ಮುಂದೆ ಬಂದವು. ಮೊದಲನೆಯದನ್ನು ನಿವಾಸಿಯೊಬ್ಬರು ತಮ್ಮ ಮನೆಯಂಗಳಕ್ಕೆಂದು ಆನ್‌ಲೈನ್‌ನಲ್ಲಿ ತರಿಸಿದ್ದರು: 15 ಕಿಲೋ ಹಿಡಿಯುವ ಹಾಪರ್, ಗಟ್ಟಿ ಪ್ಲಾಸ್ಟಿಕ್ ಚಕ್ರಗಳು, ಬಯಲಿಗೆ ಬಿದ್ದ ಪ್ಲಾಸ್ಟಿಕ್ ಗೇರ್. ಎರಡನೆಯದು ಹುಬ್ಬಳ್ಳಿಯ ಉದ್ಯಾನ ಯಂತ್ರಗಳ ಅಂಗಡಿಯೊಂದರಲ್ಲಿದ್ದ ದೊಡ್ಡ ಗಾಡಿ: 45 ಕಿಲೋದ ಹಾಪರ್, ಗಾಳಿ ತುಂಬುವ ದೊಡ್ಡ ಟೈರು, ಮುಚ್ಚಿದ ಲೋಹದ ಗೇರ್ ಪೆಟ್ಟಿಗೆ, ತುಕ್ಕು ಹಿಡಿಯದ ಉಕ್ಕಿನ ಆ್ಯಕ್ಸಲ್. ಮೂರನೆಯದು ಅದೇ ಅಂಗಡಿಯಲ್ಲಿ ಪ್ರಾತ್ಯಕ್ಷಿಕೆಗೆ ಇಟ್ಟಿದ್ದ ಮಧ್ಯಮ ಗಾತ್ರದ್ದು: 30 ಕಿಲೋದ ಹಾಪರ್, ಗಾಳಿ ಟೈರು, ಮುಚ್ಚಿದ ನೈಲಾನ್ ಗೇರ್, ಬಣ್ಣ ಬಳಿದ ಸಾದಾ ಕಬ್ಬಿಣದ ಚೌಕಟ್ಟು, ಮೇಲೆ ಕೆಳಗೆ ಹೊಂದಿಸಬಹುದಾದ ಹಿಡಿಕೆ, ಮತ್ತು ಒಂದು ಬದಿಗೆ ಚಿಮ್ಮದಂತೆ ತಡೆಯುವ ಮಡಿಸುವ ಫಲಕ.

ಚಿಕ್ಕದರ ವಿಚಾರ ಬೇಗ ಮುಗಿಯಿತು. ಮಸಾರಿಯ ಭಾಗದಲ್ಲಿ ಅದು ಸಲೀಸಾಗಿ ಓಡಿತು. ರೋಹಿಣಿ ಮಳೆ ಒಂದು ಹದ ಬಿದ್ದ ಮೇಲೆ ಎರೆಯ ಕಡೆ ತಿರುಗಿಸಿದಾಗ, ಗಟ್ಟಿ ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಉರುಳುವ ಬದಲು ಜಾರತೊಡಗಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಟ್ಟೆಯನ್ನು ತಿರುಗಿಸುವುದು ಚಕ್ರ. ಗೊಬ್ಬರವನ್ನು ಉದುರಿಸುವುದು ಬರಿಯ ತೂಕ. ಚಕ್ರ ಜಾರಿದರೆ ತಟ್ಟೆ ನಿಧಾನವಾಗುತ್ತದೆ, ಉದುರುವುದು ಮಾತ್ರ ನಿಲ್ಲುವುದಿಲ್ಲ, ಹಾಗಾಗಿ ಜಾರಿದ ಜಾಗದಲ್ಲೆಲ್ಲ ಸಣ್ಣ ಗುಡ್ಡೆ ಬೀಳುತ್ತದೆ. ಅಂದರೆ ಯಾವ ಸುಟ್ಟ ಕಲೆಯಿಂದ ಪಾರಾಗಲು ಯಂತ್ರ ಬೇಕೆಂದೆವೋ ಅದೇ ಕಲೆಯನ್ನು ಯಂತ್ರವೇ ಮಾಡಿಕೊಡುತ್ತದೆ.

ದೊಡ್ಡ ಗಾಡಿಯ ಪರವಾಗಿ ನಮ್ಮ ಖಜಾಂಚಿಯವರು ಬಲವಾಗಿ ವಾದಿಸಿದರು. ಅವರು ಸೇನೆಯಲ್ಲಿ ಕೆಲಸ ಮಾಡಿದವರು. “ತಗೊಳ್ಳೂದಾದ್ರ ಒಮ್ಮೆ ಗಟ್ಟಿಮುಟ್ಟಾದದ್ದು ತಗೋರಿ, ಒಮ್ಮೆ ತುಂಬಿದ್ರ ಅರ್ಧ ಮೈದಾನ ಮುಗೀಬೇಕು” ಎಂಬುದು ಅವರ ವಾದ. ಗಟ್ಟಿತನದ ಮಾತು ನಿಜ. ತುಂಬುವ ಮಾತಿಗೆ ಲೆಕ್ಕ ಹಾಕಿದೆವು. ಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ಎರಡು ಸಲ, ಒಂದು ಸಲ ಉದ್ದಕ್ಕೆ, ಇನ್ನೊಂದು ಸಲ ಅಡ್ಡಕ್ಕೆ ಹಾಕುವುದೆಂದು ನಿಶ್ಚಯವಾಗಿತ್ತು. ಆ ಪ್ರಕಾರ ಮೈದಾನಕ್ಕೆ ಒಂದು ದಿಕ್ಕಿಗೆ ಬೇಕಾದದ್ದು ಸುಮಾರು 45 ಕಿಲೋ. ದೊಡ್ಡ ಗಾಡಿಗೆ ಒಂದು ಸಲ, ಮಧ್ಯಮಕ್ಕೆ ಎರಡು ಸಲ ತುಂಬಬೇಕು. ಒಂದು ಚೀಲ ಬಿಚ್ಚಿ ಸುರಿಯಲು ಮೂರು ನಿಮಿಷ ಸಾಕು. ಆ ಮೂರು ನಿಮಿಷದ ಉಳಿತಾಯಕ್ಕಾಗಿ, ತುಂಬಿದಾಗ ಅರವತ್ತು ಕಿಲೋ ತೂಗುವ ಗಾಡಿಯನ್ನು ಎರೆಯ ಇಳಿಜಾರಿನಲ್ಲಿ ಒಬ್ಬರು ಹಿಡಿದು ನಡೆಯಬೇಕಾಗುತ್ತದೆ.

ಹಾಗೆ ಹಿಡಿದು ನಡೆಯುವವರು ಯಾರು ಎಂಬುದನ್ನು ಆ ಹೊತ್ತಿನವರೆಗೆ ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ಅಂಗಡಿಯಲ್ಲಿ ಗಾಡಿಯನ್ನು ತಳ್ಳಿ ನೋಡಿದವರು ಖಜಾಂಚಿಯವರು ಮತ್ತು ನಾನು; ಇಬ್ಬರೂ ಐದೂವರೆ ಅಡಿಗಿಂತ ಎತ್ತರ. ನಿಜವಾಗಿ ತಳ್ಳಬೇಕಾದವರು ಐದು ಅಡಿಯೂ ಇಲ್ಲದ ಆ ಹೆಣ್ಣುಮಗಳು. ಅಂಗಡಿಯವರು ಒಪ್ಪಿ ಎರಡೂ ಗಾಡಿಗಳನ್ನು ಒಂದು ದಿನದ ಮಟ್ಟಿಗೆ ಬಡಾವಣೆಗೆ ಕಳಿಸಿಕೊಟ್ಟರು. ದೊಡ್ಡ ಗಾಡಿಯ ಹಿಡಿಕೆ ಆಕೆಯ ಎದೆಯ ಮಟ್ಟಕ್ಕೆ ಬಂತು, ಅದನ್ನು ಕೆಳಗಿಳಿಸುವ ಏರ್ಪಾಡು ಅದರಲ್ಲಿರಲಿಲ್ಲ. ಬಲ ಹಾಕಲು ಆಕೆ ಹಿಡಿಕೆಯನ್ನು ಸೊಂಟದ ಕಡೆಗೆ ಜಗ್ಗಿದಾಗ ಇಡೀ ಗಾಡಿ ಹಿಂದಕ್ಕೆ ವಾಲಿ, ಸಮತಲದಲ್ಲಿರಬೇಕಾದ ತಟ್ಟೆಯೂ ವಾಲಿತು. ಹರಳುಗಳಲ್ಲಿ ಒಂದಷ್ಟು ಆಕೆಯ ಕಾಲಿಗೇ ಬಡಿಯತೊಡಗಿದವು. ಮಧ್ಯಮ ಗಾಡಿಯ ಹಿಡಿಕೆಯನ್ನು ಎರಡು ತೂತು ಕೆಳಗಿಳಿಸಿ ಬೋಲ್ಟು ಬಿಗಿದ ಮೇಲೆ, ತಟ್ಟೆ ಮಟ್ಟಸವಾಗಿ ನಿಂತಿತು. ಸ್ಪಿರಿಟ್ ಲೆವೆಲ್ ಇಟ್ಟು ನೋಡಿದೆವು. ಆಯ್ಕೆ ಅಲ್ಲಿಗೇ ಮುಗಿಯಿತೆಂದು ಹೇಳಬಹುದು, ಆದರೂ ಅಳೆಯದೆ ಹಣ ಕೊಡುವುದು ಬೇಡವೆಂದು ನಾನು ತಡೆದೆ.

ತಟ್ಟೆ, ತಕ್ಕಡಿ, ಗಡಿಯಾರ

ಅಳತೆಗೆ ಬಳಸಿದ ಸಾಮಾನುಗಳು ಇಷ್ಟೇ: ಒಂದೇ ಅಳತೆಯ ಒಂಬತ್ತು ಪ್ಲಾಸ್ಟಿಕ್ ಟ್ರೇಗಳು, ಹರಳು ಪುಟಿದು ಹೊರಬೀಳದಂತೆ ಅವುಗಳ ತಳಕ್ಕೆ ಹಾಸಿದ ಹಳೆಯ ಟವೆಲ್ ತುಂಡುಗಳು, ಗ್ರಾಮಿನ ಹತ್ತನೆಯ ಒಂದಂಶ ತೋರಿಸುವ ಸಣ್ಣ ತಕ್ಕಡಿ, ಚೀಲ ತೂಗುವ ಇನ್ನೊಂದು ತಕ್ಕಡಿ, ಟೇಪು, ಮೊಬೈಲಿನ ಗಡಿಯಾರ. ನಡೆಯುವ ದಾರಿಗೆ ಅಡ್ಡಲಾಗಿ ಒಂದು ಟ್ರೇಯನ್ನು ನಟ್ಟ ನಡುವೆ ಇಟ್ಟು, ಚಕ್ರ ಹಾಯುವ ಜಾಗ ಬಿಟ್ಟು, 80 ಸೆಂಟಿಮೀಟರಿನಿಂದ ಆಚೆ ಎರಡೂ ಬದಿಗೆ ನಲವತ್ತು ನಲವತ್ತು ಸೆಂಟಿಮೀಟರಿಗೆ ಒಂದರಂತೆ ಎರಡು ಮೀಟರಿನವರೆಗೆ ಉಳಿದವನ್ನು ಇಟ್ಟೆವು. ಆಕೆ ಒಂದೇ ದಿಕ್ಕಿನಲ್ಲಿ ಮೂರು ಸಲ ಅವುಗಳ ಮೇಲೆ ಗಾಡಿ ಹಾಯಿಸಿದರು.

ನಡುವಿನ ಟ್ರೇಯಲ್ಲಿ 4.6 ಗ್ರಾಂ ಬಿದ್ದಿತ್ತು. ಅದರ ಅರ್ಧದಷ್ಟು ಬಿದ್ದ ಜಾಗ ಎಡಕ್ಕೆ ಸುಮಾರು ಒಂದೂವರೆ ಮೀಟರಿನಲ್ಲಿ, ಬಲಕ್ಕೆ ಎರಡು ಮೀಟರಿಗೆ ತುಸು ಈಚೆ ಸಿಕ್ಕಿತು. ಈ ಎರಡು ಅರ್ಧದ ಬಿಂದುಗಳ ನಡುವಿನ ಅಂತರವೇ ಆ ಗಾಡಿಯ, ಆ ಗೊಬ್ಬರದ, ನಿಜವಾದ ಕೆಲಸದ ಅಗಲ: ನಮ್ಮದಕ್ಕೆ ಸುಮಾರು 3.4 ಮೀಟರ್. ಕೊನೆಯ ಹರಳು ಎಲ್ಲಿ ಬಿತ್ತೆಂದು ನೋಡಿ ಅದನ್ನೇ ಅಗಲವೆಂದು ಹೇಳುವುದು ಮಾರುವವರ ಅಳತೆ. ಗಾಳಿಗೆ ಒಂದಿಷ್ಟು ಬಿಟ್ಟುಕೊಟ್ಟು ಸಾಲಿನಿಂದ ಸಾಲಿಗೆ ಮೂರು ಮೀಟರ್ ಎಂದು ನಾವು ಗೊತ್ತುಮಾಡಿಕೊಂಡೆವು.

ಎಡಕ್ಕಿಂತ ಬಲಕ್ಕೆ ಹೆಚ್ಚು ಹೋದದ್ದು ತಯಾರಿಕೆಯ ಕುಂದೇನೂ ಅಲ್ಲ. ತಟ್ಟೆ ಒಂದೇ ದಿಕ್ಕಿಗೆ ತಿರುಗುವುದರಿಂದ ಈ ವಾಲು ಇಂಥ ಎಲ್ಲ ಗಾಡಿಗಳಲ್ಲೂ ಹೆಚ್ಚು ಕಡಿಮೆ ಇರುತ್ತದೆ, ಬೆಲೆಬಾಳುವ ಕೆಲವು ಗಾಡಿಗಳಲ್ಲಿ ಹರಳು ತಟ್ಟೆಯ ಮೇಲೆ ಬೀಳುವ ಜಾಗವನ್ನು ಸರಿಸಿ ಅದನ್ನು ತಿದ್ದಲು ಬರುತ್ತದೆ. ನಮ್ಮದರಲ್ಲಿ ಆ ಏರ್ಪಾಡಿಲ್ಲ. ಹೋಗಿ ಬರುವ ಸಾಲುಗಳಲ್ಲಿ ಇದರ ಪರಿಣಾಮ ಇಮ್ಮಡಿಯಾಗುತ್ತದೆಂಬುದನ್ನು ಕಾಗದದ ಮೇಲೆ ಚಿತ್ರ ಬರೆದು ನೋಡಿದಾಗ ಸಮಿತಿಗೆ ಮನವರಿಕೆಯಾಯಿತು: ಹೋಗುವಾಗಿನ ಬಲಕ್ಕೆ ಬರುವಾಗಿನ ಬಲ ಎದುರಾಗುತ್ತದೆ, ಎಡಕ್ಕೆ ಎಡ, ಆದ್ದರಿಂದ ಒಂದು ನಡುಜಾಗದಲ್ಲಿ ಎರಡು ದಟ್ಟ ಅಂಚುಗಳು ಸೇರಿದರೆ ಪಕ್ಕದ ನಡುಜಾಗದಲ್ಲಿ ಎರಡು ವಿರಳ ಅಂಚುಗಳು ಸೇರುತ್ತವೆ. ಅರ್ಧ ಪ್ರಮಾಣವನ್ನು ಉದ್ದಕ್ಕೂ ಇನ್ನರ್ಧವನ್ನು ಅಡ್ಡಕ್ಕೂ ಹಾಕುವ ಪದ್ಧತಿ ಈ ಪಟ್ಟೆಗಳನ್ನು ಒಡೆದು ಚದುರಿಸುತ್ತದೆ. ಮೊದಲು ಈ ಪದ್ಧತಿಯನ್ನು ಒಂದು ಎಚ್ಚರಿಕೆಯೆಂದಷ್ಟೇ ಸೂಚಿಸಿದ್ದೆ. ಟ್ರೇಗಳನ್ನು ತೂಗಿದ ಮೇಲೆ ಅದು ಬಿಡಲಾಗದ ನಿಯಮವಾಯಿತು.

ಮುಂದಿನದು ಗೇಟಿನ ಅಂಕಿ, ಅಂದರೆ ಗೇಟು ಎಷ್ಟು ತೆರೆದುಕೊಳ್ಳಬೇಕೆಂದು ಹೊಂದಿಸುವ ಸಂಖ್ಯೆ. ಗಾಡಿಯ ಜೊತೆ ಬಂದ ಪಟ್ಟಿಯಲ್ಲಿ ಗೊಬ್ಬರದ ಹೆಸರುಗಳೂ ಅವುಗಳ ಮುಂದೆ ಅಂಕಿಗಳೂ ಇದ್ದವು, ಆದರೆ ಅವೆಲ್ಲ ಹೊರದೇಶದ ಗೊಬ್ಬರಗಳು. ಆ ಪಟ್ಟಿಯಲ್ಲಿ ಮಧ್ಯಮ ಹರಳಿಗೆಂದು ಕೊಟ್ಟಿದ್ದ 12ರಿಂದಲೇ ಆರಂಭಿಸಿದೆವು. ಹಾಪರ್‌ಗೆ 10 ಕಿಲೋ ತೂಗಿ ಹಾಕಿ, 50 ಮೀಟರ್ ನಡೆದು, ಉಳಿದದ್ದನ್ನು ಮತ್ತೆ ತೂಗುವುದು. 50 ಮೀಟರ್ ಉದ್ದ, 3 ಮೀಟರ್ ಅಗಲವೆಂದರೆ 150 ಚದರ ಮೀಟರ್, ಅರ್ಧ ಪ್ರಮಾಣದಲ್ಲಿ ಅಲ್ಲಿ ಬೀಳಬೇಕಾದದ್ದು 1,875 ಗ್ರಾಂ. ಅಂಕಿ 12ರಲ್ಲಿ ಬಿದ್ದದ್ದು 3,100 ಗ್ರಾಂ. ಪಟ್ಟಿಯನ್ನು ನಂಬಿ ನಡೆದಿದ್ದರೆ ಹೋದ ವರ್ಷದ ಯೂರಿಯಾಕ್ಕಿಂತ ಹೆಚ್ಚು ಸಾರಜನಕವನ್ನು ಹೊಸ ಯಂತ್ರದಲ್ಲಿ ಹಾಕುತ್ತಿದ್ದೆವು. ಅಂಕಿ 9ರಲ್ಲಿ 1,620 ಗ್ರಾಂ, 10ರಲ್ಲಿ 1,910 ಗ್ರಾಂ. ಹತ್ತಕ್ಕೆ ನಿಲ್ಲಿಸಿದೆವು.

ಇಷ್ಟರಲ್ಲಿ ಖಜಾಂಚಿಯವರು ತಾವೊಂದು ಸಲ ತಳ್ಳಿ ನೋಡುವುದಾಗಿ ಮುಂದೆ ಬಂದರು. ಅದೇ ಅಂಕಿ, ಅದೇ 50 ಮೀಟರ್. ಬಿದ್ದದ್ದು ಸುಮಾರು ಒಂದೂವರೆ ಕಿಲೋ ಮಾತ್ರ. ಗೇಟು ಸಡಿಲವಾಯಿತೇನೋ ಎಂದು ಬಿಚ್ಚಿ ನೋಡಿದರು. ಗೇಟಿನಲ್ಲಿ ಏನೂ ಆಗಿರಲಿಲ್ಲ. ಆಕೆ ಆ ದೂರವನ್ನು 46 ಸೆಕೆಂಡಿನಲ್ಲಿ ನಡೆದಿದ್ದರು, ಇವರು ಕವಾಯತಿನ ಹೆಜ್ಜೆಯಲ್ಲಿ 35 ಸೆಕೆಂಡಿಗೆ ಮುಗಿಸಿದ್ದರು. ತೂತಿನಿಂದ ಉದುರುವುದು ಸೆಕೆಂಡಿನ ಲೆಕ್ಕಕ್ಕೆ. ಬೇಗ ನಡೆದರೆ ನೆಲಕ್ಕೆ ಕಡಿಮೆ, ನಿಧಾನ ನಡೆದರೆ ಹೆಚ್ಚು. ಬೇಗ ನಡೆದಾಗ ತಟ್ಟೆಯೂ ಜೋರಾಗಿ ತಿರುಗಿ ಹರಳು ಇನ್ನಷ್ಟು ದೂರ ಹಾರುವುದರಿಂದ ಅಗಲದ ಲೆಕ್ಕವೂ ತಪ್ಪುತ್ತದೆ. ಹತ್ತು ಎಂಬ ಅಂಕಿ ಆ ಗಾಡಿಯದಷ್ಟೇ ಅಲ್ಲದೆ ಆಕೆಯ ನಡಿಗೆಯದೂ ಆಗಿತ್ತು. ಗಂಡನ ನಡಿಗೆಗೆ ಬೇರೆ ಅಂಕಿ ಕಂಡುಹಿಡಿಯೋಣವೆಂದರೆ, “ಗೊಬ್ಬರ ನಾನs ಹಾಕತೇನ್ರಿ, ಅವರ ಕೈಯಾಗ ಕೊಡೂದ ಬ್ಯಾಡ” ಎಂದು ಆಕೆ ಆ ಮಾತನ್ನು ಅಲ್ಲಿಗೇ ಮುಗಿಸಿದರು. ಮಧ್ಯಮ ಗಾಡಿಯನ್ನು ಅದೇ ದಿನ ಖರೀದಿಸಲಾಯಿತು. ಮುಚ್ಚಳದ ಒಳಬದಿಗೆ ಬಿಳಿ ಬಣ್ಣದಲ್ಲಿ 10 ಎಂದು ಬರೆದಿದ್ದೇವೆ.

ಮಿರಗದಿಂದ ದೀಪಾವಳಿಯವರೆಗೆ

ಮೊದಲ ಸಲ ಗೊಬ್ಬರ ಹಾಕಿದ್ದು ಮಿರಗದ (ಮೃಗಶಿರಾ) ಮಳೆ ಹಿಡಿದ ಮೇಲೆ, ಬೆಳಗಿನ ಇಬ್ಬನಿ ಆರಿ ಗಾಳಿ ಏಳುವ ಮುನ್ನ. ಎಲೆ ಒದ್ದೆಯಿದ್ದರೆ ಹರಳು ಅದಕ್ಕೆ ಅಂಟಿ ಅಲ್ಲೇ ಸುಡುತ್ತದೆ. ಗಾಳಿಯಿದ್ದರೆ ಅಳೆದ ಅಗಲಕ್ಕೆ ಬೆಲೆಯಿರುವುದಿಲ್ಲ, ಮತ್ತು ಆಷಾಢದ ಗಾಳಿಯನ್ನು ಬಲ್ಲ ನಮ್ಮ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಮೀಟರಿಗೊಂದರಂತೆ ಎರಡೂ ತುದಿಗೆ ಸುಣ್ಣದ ಚುಕ್ಕಿ ಇಟ್ಟು, ಒಂದು ಚುಕ್ಕಿಯಿಂದ ಎದುರಿನ ಚುಕ್ಕಿಗೆ ಕಣ್ಣು ನೆಟ್ಟು ನಡೆಯುವುದು ಆಕೆಯೇ ಕಂಡುಕೊಂಡ ಉಪಾಯ. ಮೊದಲು ಎರಡೂ ತುದಿಗಳಲ್ಲಿ ಅಡ್ಡಲಾಗಿ ಒಂದೊಂದು ಸಾಲು ಹಾಕಿ, ತಿರುಗುವ ಜಾಗವನ್ನು ಮುಗಿಸಿಕೊಂಡು, ಆಮೇಲೆ ಉದ್ದದ ಸಾಲುಗಳನ್ನು ಹಿಡಿದರು; ಗಾಡಿ ಚಲಿಸಿದ ಮೇಲೆ ಗೇಟು ತೆರೆಯುವುದು, ನಿಲ್ಲುವ ಮೊದಲೇ ಮುಚ್ಚುವುದು. ಮೈದಾನದ ಎರಡೂ ದಿಕ್ಕುಗಳು ಸೇರಿ, ತುಂಬುವ ಹೊತ್ತೂ ಸೇರಿ, ಒಂದು ಗಂಟೆ ಕಾಲು ಹಿಡಿಯಿತು. ಉದ್ಯಾನದ ಅಂಚಿನಲ್ಲಿ ಪಕ್ಕದ ಫಲಕ ಕೆಲಸಕ್ಕೆ ಬಂತು. ಕಾಲುದಾರಿಯ ಪಟ್ಟಿಗಳಿಗೆ ಕೂರಿಗೆಯ ಬಗೆಯ ಗಾಡಿಯನ್ನು ಕೊಳ್ಳುವ ಯೋಚನೆ ಇತ್ತು. ಎಂಟು ಗುಂಟೆಗೆ ಇನ್ನೊಂದು ಯಂತ್ರವೇಕೆಂದು, ತಳಕ್ಕೆ ಮೊಳೆಯಿಂದ ತೂತು ಹೊಡೆದ ಎಣ್ಣೆ ಡಬ್ಬಿಯಲ್ಲೇ ಆ ಕೆಲಸವನ್ನು ಆಕೆ ಮುಗಿಸುತ್ತಿದ್ದಾರೆ. ದಾರಿಗೆ ಬಿದ್ದ ಹರಳನ್ನು ನೀರು ಬಿಡುವ ಮೊದಲು ಪೊರಕೆಯಿಂದ ಹುಲ್ಲಿಗೇ ಗುಡಿಸುತ್ತಾರೆ.

ಎರಡು ತೊಂದರೆಗಳು ಎದುರಾದವು. ಶ್ರಾವಣದ ಜಿಟಿಜಿಟಿ ಮಳೆಯ ದಿನಗಳಲ್ಲಿ, ಅರ್ಧ ಕೆಲಸಕ್ಕೆ ಮಳೆ ಬಂದಾಗ ಯಾರೋ ಗಾಡಿಯನ್ನು ತುಂಬಿದಂತೆಯೇ ಷೆಡ್ಡಿಗೆ ತಳ್ಳಿದರು. ಎರಡು ದಿನದಲ್ಲಿ ಗೊಬ್ಬರ ಹಸಿ ಹಿಡಿದು ಗಂಟುಗಟ್ಟಿ, ಹಾಪರ್‌ನ ಒಳಗೆ ಕಲಕುವ ಕಡ್ಡಿಯನ್ನೇ ಬಿಗಿಹಿಡಿದಿತ್ತು, ಚೌಕಟ್ಟಿನ ಬೋಲ್ಟುಗಳ ಸುತ್ತ ಬಣ್ಣ ಎದ್ದು ತುಕ್ಕು ಕಾಣಿಸಿಕೊಂಡಿತು. ಸಾದಾ ಕಬ್ಬಿಣದ ಚೌಕಟ್ಟನ್ನು ಒಪ್ಪಿಕೊಂಡ ನನ್ನ ತೀರ್ಮಾನದ ಬಗ್ಗೆ ಖಜಾಂಚಿಯವರು ಆಗ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ; ತುಕ್ಕಿನ ವಿಷಯದಲ್ಲಿ ಅವರ ದೊಡ್ಡ ಗಾಡಿಯೇ ಮೇಲಾಗಿತ್ತು. ಈಗ ಪ್ರತಿ ಸಲ ಉಳಿದದ್ದನ್ನು ಚೀಲಕ್ಕೆ ಸುರಿದು, ಗಾಡಿಯನ್ನು ಹುಲ್ಲಿನ ಮೇಲೆಯೇ ತೊಳೆದು, ಒಣಗಿಸಿ ಇಡುತ್ತಾರೆ. ತೆರೆದ ಭಾಗಗಳಿಗೆ ಗ್ರೀಸ್ ಹಚ್ಚಬೇಡಿ ಎಂದು ನಾನು ಹೇಳಬೇಕಾಯಿತು, ಏಕೆಂದರೆ ಗ್ರೀಸಿಗೆ ಗೊಬ್ಬರದ ಪುಡಿ ಅಂಟಿಕೊಂಡು ಅರೆಯುವ ಕಲ್ಲಿನಂತೆ ಕೆಲಸ ಮಾಡುತ್ತದೆ.

ಎರಡನೆಯದು ವಾಯವ್ಯ ಮೂಲೆಯ ಕಡುಹಸಿರು ಚಂದ್ರಾಕೃತಿ. ಮೈದಾನದ ಉಳಿದೆಲ್ಲ ಭಾಗ ಒಂದೇ ಬಣ್ಣಕ್ಕೆ ಬಂದದ್ದರಿಂದಲೇ ಅದು ಎದ್ದು ಕಂಡಿತು. ತಿರುಗುವಾಗ ಒಮ್ಮೆ ಗೇಟು ಮುಚ್ಚಲು ಮರೆತದ್ದೇ ಅದಕ್ಕೆ ಕಾರಣವೆಂದು ಆಕೆ ತಾವಾಗಿಯೇ ಒಪ್ಪಿಕೊಂಡರು. ದೀಪಾವಳಿಯ ಮುಂಚಿನ ಸಲ ಆ ಮೂಲೆಯನ್ನು ಬಿಟ್ಟು ಉಳಿದ ಕಡೆಗಷ್ಟೇ ಹಾಕಿದ್ದಾಯಿತು.

ಮೈದಾನವನ್ನು ಕಂಡ ಪಕ್ಕದ ಬಡಾವಣೆಯವರು ಗಾಡಿಯನ್ನು ಎರವಲು ಕೇಳಿದರು. ಅವರದು ಬೇರೆ ಗೊಬ್ಬರ, ತಳ್ಳುವವನು ಉದ್ದನೆಯ ಹುಡುಗ, ಮುಚ್ಚಳದ ಒಳಗೆ ಮಾತ್ರ ನಮ್ಮ 10. ಹಿಡಿಕೆಯನ್ನು ಎರಡು ತೂತು ಮೇಲಕ್ಕೇರಿಸಿ, ಆ ಅಂಕಿಯ ಮೇಲೆ ಕಾಗದ ಅಂಟಿಸಿ, ಗಾಡಿಯ ಜೊತೆಗೆ ಒಂಬತ್ತು ಟ್ರೇಗಳನ್ನೂ ಎರಡು ತಕ್ಕಡಿಗಳನ್ನೂ ಕಳಿಸಿಕೊಟ್ಟೆವು.